ಡಾಕ್ಟರ್ ಓದು: ಮೈಸೂರೋ, ಬಿಷ್ಕೆಕ್ಕೋ?

ನೀಟ್ ಫಲಿತಾಂಶ ಬರುವುದು ಜೂನ್ ತಿಂಗಳಲ್ಲಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಆ ಹೊತ್ತಿಗೆ ಹೊಗೆಸೊಪ್ಪಿನ ಸಸಿ ನಾಟಿಯಾಗಿ, ಗೊಬ್ಬರ ಬಿದ್ದು, ಮನೆಯ ದುಡ್ಡೆಲ್ಲ ಹೊಲದಲ್ಲಿರುತ್ತದೆ. ಸೊಪ್ಪು ಮುರಿದು, ಬ್ಯಾರನ್‌ನಲ್ಲಿ ಹದ ಮಾಡಿ, ಬೇಲು ಕಟ್ಟಿ ಹರಾಜು ಮಾರುಕಟ್ಟೆಗೆ ಸಾಗಿಸಿ ಹಣ ಕಾಣುವುದು ದಸರೆಯ ಆಸುಪಾಸಿಗೆ. ಕೆ.ಆರ್. ನಗರದವರು ನಾಲೆಗೆ ನೀರು ಬಿಡುವುದನ್ನೇ ಕಾಯುತ್ತಿರುತ್ತಾರೆ. ಎಚ್.ಡಿ. ಕೋಟೆಯ ಹತ್ತಿ ಇನ್ನೂ ಗಿಡದ ಹಂತದಲ್ಲಿರುತ್ತದೆ. ನಾಲ್ಕೂ ತಾಲ್ಲೂಕುಗಳಲ್ಲಿ ಕೈ ಬರಿದಾಗಿರುವ ಕಾಲ ಅದು. ಮಗನೋ ಮಗಳೋ ಡಾಕ್ಟರ್ ಓದಬೇಕೆ, ಓದಿದರೆ ಎಲ್ಲಿ ಎಂಬ ತೀರ್ಮಾನಕ್ಕೆ ಗಡುವು ಬೀಳುವುದೂ ಆ ಕಾಲದಲ್ಲೇ.

ಆಗ ಏಜೆಂಟರ ಫೋನ್ ಶುರುವಾಗುತ್ತದೆ. "ನೀಟ್ ಕ್ವಾಲಿಫೈ ಆಗಿದ್ದಾರಲ್ಲ ಸಾರ್, ಇನ್ನೇನು ಬೇಕು? ಇಲ್ಲಿ ಕೋಟಿ ಕೇಳ್ತಾರೆ. ಅಲ್ಲಿ ಇಪ್ಪತ್ತೈದು ಲಕ್ಷಕ್ಕೆ ಪೂರ್ತಿ ಕೋರ್ಸ್ ಮುಗಿಯುತ್ತೆ. ಇಂಡಿಯನ್ ಊಟ ಇದೆ, ಹಾಸ್ಟೆಲ್ ಇದೆ, ಕಾಲೇಜು ಎನ್‌ಎಂಸಿ ಅಪ್ರೂವ್ಡ್." ಈ ಮಾತಿನಲ್ಲಿ ಪೂರ್ತಿ ಸುಳ್ಳು ಒಂದೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮಿಕ್ಕಿದ್ದು ಅರ್ಧ ನಿಜ. ಜನ ಮೋಸ ಹೋಗುವುದು ಹೆಚ್ಚಾಗಿ ಈ ಅರ್ಧ ನಿಜಕ್ಕೇ.

ಕಾಲೇಜು ಸೇರಿದ ದಿನ ಯಾರೂ ಡಾಕ್ಟರಾಗುವುದಿಲ್ಲ. ಪದವಿ ಪತ್ರ ಕೈಗೆ ಬಂದ ದಿನವೂ ಆಗುವುದಿಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಕಾಯಂ ನೋಂದಣಿ ಸಿಕ್ಕ ದಿನ ಆಗುತ್ತಾರೆ. ಖರ್ಚನ್ನೂ ವರ್ಷಗಳನ್ನೂ ಎಣಿಸಬೇಕಾದ್ದು ಆ ದಿನದವರೆಗೆ. ಹಾಗೆ ಎಣಿಸಿದರೆ ಇಲ್ಲೋ ಹೊರದೇಶವೋ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ತಾನಾಗಿ ಸಿಗುತ್ತದೆ.

ಕ್ವಾಲಿಫೈ ಆದರೆ ಸೀಟು ಸಿಕ್ಕಂತಲ್ಲ

ನೀಟ್ 720 ಅಂಕದ ಪರೀಕ್ಷೆ. 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಕ್ವಾಲಿಫೈ ಆಗಲು ಸಾಮಾನ್ಯ ವರ್ಗದವರು 50ನೇ ಪರ್ಸೆಂಟೈಲ್, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರು 40ನೇ ಪರ್ಸೆಂಟೈಲ್ ಮುಟ್ಟಬೇಕು. ನೂರಕ್ಕೆ ಐವತ್ತು ಅಂಕ ಬರಬೇಕು ಎಂದು ಇದರ ಅರ್ಥವಲ್ಲ. ಪರೀಕ್ಷೆ ಬರೆದವರಲ್ಲಿ ಅರ್ಧ ಜನರಿಗಿಂತ ಮುಂದಿದ್ದರೆ ಆಯಿತು. 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ಬರೆದು 12 ಲಕ್ಷಕ್ಕೂ ಹೆಚ್ಚು ಮಂದಿ ಕ್ವಾಲಿಫೈ ಆದರು. ಇಡೀ ದೇಶದ ಎಂಬಿಬಿಎಸ್ ಸೀಟುಗಳು ಸುಮಾರು 1.2 ಲಕ್ಷ, ಅವುಗಳಲ್ಲಿ ಸರ್ಕಾರಿ ಕಾಲೇಜಿನವು ಅರ್ಧದ ಆಸುಪಾಸು. ಅಂದರೆ ಕ್ವಾಲಿಫೈ ಆದ ಹತ್ತು ಮಂದಿಯಲ್ಲಿ ಒಬ್ಬರಿಗೆ ಸೀಟು, ಇಪ್ಪತ್ತು ಮಂದಿಯಲ್ಲಿ ಒಬ್ಬರಿಗೆ ಸರ್ಕಾರಿ ಸೀಟು.

ಅಂಕವನ್ನು ಹೋದ ವರ್ಷದ ಅಂಕದೊಡನೆ ಹೋಲಿಸುವುದೂ ತಪ್ಪು ದಾರಿ. 2024ರಲ್ಲಿ ಪರಿಷ್ಕೃತ ಪಟ್ಟಿಯಲ್ಲೇ 17 ಮಂದಿಗೆ 720ಕ್ಕೆ 720 ಬಂದಿತ್ತು. 2025ರಲ್ಲಿ ಪ್ರಶ್ನೆಪತ್ರಿಕೆ ಬಿಗಿಯಾಗಿ, ದೇಶಕ್ಕೆ ಮೊದಲು ಬಂದವರ ಅಂಕವೇ 686ಕ್ಕೆ ನಿಂತಿತು. ಹಿಂದಿನ ವರ್ಷ ಎಲ್ಲಿಯೂ ಸಲ್ಲದ ಅಂಕ ಮರುವರ್ಷ ಸರ್ಕಾರಿ ಸೀಟು ತಂದುಕೊಟ್ಟಿತು. ಆದ್ದರಿಂದ ನೋಡಬೇಕಾದ್ದು ರ‍್ಯಾಂಕ್. ಹಿಂದಿನ ಎರಡು ಮೂರು ವರ್ಷ ನಮ್ಮ ವರ್ಗದಲ್ಲಿ ಯಾವ ರ‍್ಯಾಂಕ್‌ವರೆಗೆ ಸೀಟು ಹೋಯಿತು ಎಂಬುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ಪಟ್ಟಿಗಳಲ್ಲಿ ಸಿಗುತ್ತದೆ. ಏಜೆಂಟರಿಗೆ ಮುಂಗಡ ಕೊಡುವ ಮೊದಲು ನೋಡಬೇಕಾದ ಕಾಗದ ಇದು.

ನಮ್ಮ ಪಾಲಿನದನ್ನು ಮೊದಲು ಕೇಳಿ

ಈ ತಾಲ್ಲೂಕುಗಳ ಸುತ್ತ ಸರ್ಕಾರಿ ಕಾಲೇಜುಗಳಿಗೆ ಈಗ ಬರವಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಮೈಸೂರು ವೈದ್ಯಕೀಯ ಕಾಲೇಜು ಒಂದೇ ಬಹುಕಾಲ ಈ ಭಾಗಕ್ಕೆ ಗತಿಯಾಗಿತ್ತು. 2006ರ ಹೊತ್ತಿಗೆ ಮಂಡ್ಯ ಮತ್ತು ಹಾಸನದಲ್ಲಿ, 2016ರಲ್ಲಿ ಮಡಿಕೇರಿ ಮತ್ತು ಚಾಮರಾಜನಗರದಲ್ಲಿ ಸರ್ಕಾರಿ ಕಾಲೇಜುಗಳಾದವು. ಆದರೆ ಪಿರಿಯಾಪಟ್ಟಣದ ಹುಡುಗಿಗೆ ಮಡಿಕೇರಿ ಹತ್ತಿರವೆಂದು ಅಲ್ಲಿ ಅವಳಿಗೆ ವಿಶೇಷ ಹಕ್ಕೇನಿಲ್ಲ. ಸರ್ಕಾರಿ ಕಾಲೇಜಿನ ಸೀಟುಗಳಲ್ಲಿ ನೂರಕ್ಕೆ 15 ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಮಿಕ್ಕ 85ಕ್ಕೆ ಇಡೀ ರಾಜ್ಯ ಸ್ಪರ್ಧಿಸುತ್ತದೆ.

ಹಳ್ಳಿ ಮಕ್ಕಳ ಕೈಯಲ್ಲಿರುವ ಬಲ ಬೇರೆ ಎರಡು. ಒಂದನೆಯ ತರಗತಿಯಿಂದ ಹತ್ತನೆಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿದವರಿಗೆ ಪ್ರತಿ ವರ್ಗದೊಳಗೆ ನೂರಕ್ಕೆ 15 ಸೀಟು. ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5. ಸಾಮಾನ್ಯ ಪಟ್ಟಿಯಲ್ಲಿ ಕೂದಲೆಳೆಯಲ್ಲಿ ತಪ್ಪಿದ ಸೀಟು ಈ ಪಟ್ಟಿಗಳಲ್ಲಿ ಸಿಕ್ಕ ಉದಾಹರಣೆಗಳು ಪ್ರತಿವರ್ಷ ಇರುತ್ತವೆ.

ಆದರೆ ಇಲ್ಲೊಂದು ತೊಡಕಿದೆ. ಹುಣಸೂರು ನಗರಸಭೆ, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಪುರಸಭೆಗಳು. ಇವುಗಳ ವ್ಯಾಪ್ತಿಯೊಳಗಿನ ಶಾಲೆ ಗ್ರಾಮೀಣ ಲೆಕ್ಕಕ್ಕೆ ಬರುವುದಿಲ್ಲ. ಹಳ್ಳಿಯ ಮನೆಯಿಂದ ದಿನಾ ವ್ಯಾನ್ ಹತ್ತಿ ಪಟ್ಟಣದ ಕಾನ್ವೆಂಟಿಗೆ ಹೋಗಿ ಬಂದ ಮಗು ಹೊಲದ ಬದುವಿನಲ್ಲೇ ಬೆಳೆದಿದ್ದರೂ ಕೆಇಎ ಕಾಗದದಲ್ಲಿ ನಗರದ ಮಗು. ಹತ್ತರಲ್ಲಿ ಒಂದೇ ವರ್ಷ ಪಟ್ಟಣದ ಶಾಲೆಗೆ ಸೇರಿಸಿದರೂ ಗ್ರಾಮೀಣ ಮೀಸಲಾತಿ ಹೋಯಿತು. ಒಳ್ಳೆಯ ಶಾಲೆ ಹುಡುಕುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ವ್ಯಾನಿನ ಬೆಲೆಯಲ್ಲಿ ಇದೂ ಸೇರಿದೆ ಎಂಬುದು ಒಂದನೆಯ ತರಗತಿಗೆ ಸೇರಿಸುವಾಗಲೇ ಗೊತ್ತಿರಲಿ ಅಷ್ಟೆ.

ಕಾಗದಪತ್ರದ ವಿಷಯವೂ ಸಣ್ಣದಲ್ಲ. ನೀಟ್ ಅರ್ಜಿ ಬೇರೆ, ಕೆಇಎ ಅರ್ಜಿ ಬೇರೆ. ನೀಟ್ ಬರೆದರೆ ರಾಜ್ಯದ ಸೀಟು ತಾನಾಗಿ ಬರುತ್ತದೆಂದು ಕೂತು ಅವಕಾಶ ಕಳೆದುಕೊಳ್ಳುವವರಿದ್ದಾರೆ. ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಬಿಇಒ ಮೇಲುಸಹಿ ಬೇಕು. ಜಾತಿ, ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಿಂದ ಆರ್‌ಡಿ ಸಂಖ್ಯೆ ಬರಬೇಕು. ಫಲಿತಾಂಶ ಬಂದ ಮೇಲೆ ಓಡಾಡುವ ಬದಲು ಎರಡನೆಯ ಪಿಯುಸಿಯ ದಸರಾ ರಜೆಯಲ್ಲೇ ಇವನ್ನು ಮಾಡಿಸಿಟ್ಟರೆ ಜೂನ್ ತಿಂಗಳ ಅರ್ಧ ಗಾಬರಿ ಕಡಿಮೆಯಾಗುತ್ತದೆ.

"ಇಲ್ಲಿ ಕೋಟಿ" ಯಾವ ಸೀಟಿಗೆ?

ಏಜೆಂಟರು ಹೇಳುವ ಕೋಟಿ ನಿಜ, ಆದರೆ ಎಲ್ಲ ಸೀಟಿಗೂ ಅಲ್ಲ. ರಾಜ್ಯದಲ್ಲಿ ಎಂಬಿಬಿಎಸ್‌ಗೆ ಹಲವು ಬೆಲೆ. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟಾದರೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಸೀಟಿಗೆ ಹತ್ತರಿಂದ ಹನ್ನೆರಡು ಲಕ್ಷ. ಅದೇ ತರಗತಿಯ ಎನ್‌ಆರ್‌ಐ ಸೀಟಿಗೆ ಇಪ್ಪತ್ತೈದು ಲಕ್ಷಕ್ಕೂ ಮೇಲೆ. ಒಂದೇ ಬೆಂಚಿನಲ್ಲಿ ಕೂತ ಮೂವರಲ್ಲಿ ಒಬ್ಬನ ಐದು ವರ್ಷದ ಶುಲ್ಕ ಇನ್ನೊಬ್ಬನ ಒಂದು ವರ್ಷದ್ದಕ್ಕಿಂತ ಕಡಿಮೆ ಇರಬಹುದು. ಕೋಟಿ ದಾಟುವುದು ಕೊನೆಯ ಬಗೆಯ ಸೀಟಿಗೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜು 1984ರಲ್ಲಿ ಶುರುವಾಗಿ ಈಗ ಡೀಮ್ಡ್ ವಿಶ್ವವಿದ್ಯಾಲಯದ ಭಾಗವಾಗಿದೆ. ಡೀಮ್ಡ್ ಕಾಲೇಜುಗಳ ಸೀಟು ಹಂಚುವುದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ. ಮನೆಗೆ ಹತ್ತಿರವಾದರೂ ಅಲ್ಲಿ ಗ್ರಾಮೀಣ ಕೋಟಾ ನಡೆಯುವುದಿಲ್ಲ, ಶುಲ್ಕವೂ ಖಾಸಗಿ ಸೀಟಿಗಿಂತ ಹೆಚ್ಚು.

ಈ ಬೆಲೆಪಟ್ಟಿಗೆ ಕರ್ನಾಟಕದಲ್ಲಿ ದೊಡ್ಡ ಚರಿತ್ರೆಯಿದೆ. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಸೀಟಿಗೆ ದುಡ್ಡು ಕೊಡುವ ಪದ್ಧತಿ ರಾಜ್ಯದಲ್ಲಿ ಬೇರೂರಿತು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧದ ಕಾಯ್ದೆ ಬಂತು. 1989ರ ಸರ್ಕಾರಿ ಅಧಿಸೂಚನೆಯಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ನಿಗದಿಯಾಯಿತು. ತುಮಕೂರಿನ ಕಾಲೇಜೊಂದರಲ್ಲಿ ಆ 60,000 ಕೊಡಲಾಗದ ಮೀರತ್‌ನ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದಳು. 1992ರ ಮೋಹಿನಿ ಜೈನ್ ತೀರ್ಪು ಹುಟ್ಟಿದ್ದು ಹಾಗೆ. 1993ರ ಉನ್ನಿಕೃಷ್ಣನ್ ತೀರ್ಪಿನ ಬೆನ್ನಿಗೆ 1994ರಲ್ಲಿ ಸಿಇಟಿ ಬಂತು, ದುಡ್ಡಿಲ್ಲದ ಮನೆಯ ಮಕ್ಕಳೂ ಖಾಸಗಿ ಕಾಲೇಜಿನ ಮೆಟ್ಟಿಲು ಹತ್ತಿದರು. 2017ರಿಂದ ಎಲ್ಲಕ್ಕೂ ನೀಟ್. ಪರೀಕ್ಷೆ ಒಂದಾಯಿತು, ಬೆಲೆಗಳು ಹಾಗೇ ಉಳಿದವು. ಹೊರದೇಶದ ದಾರಿಗೆ ಗಿರಾಕಿ ಸಿಗುವುದು ಒಂದೂವರೆ ಲಕ್ಷಕ್ಕೂ ಹನ್ನೆರಡು ಲಕ್ಷಕ್ಕೂ ನಡುವಿನ ಈ ಕಂದಕದಿಂದ.

ಹೊರದೇಶದ ನಿಜವಾದ ಲೆಕ್ಕ

ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ಕಜಕಸ್ತಾನ, ಉಜ್ಬೇಕಿಸ್ತಾನಗಳಲ್ಲಿ ಶುಲ್ಕ, ಹಾಸ್ಟೆಲ್, ಊಟ ಸೇರಿ ಒಟ್ಟು 20ರಿಂದ 40 ಲಕ್ಷ. ಬಾಂಗ್ಲಾದೇಶ, ನೇಪಾಳದಲ್ಲಿ ಇನ್ನೂ ಹೆಚ್ಚು. ಆದರೆ ಇಷ್ಟು ಕೊಟ್ಟರೆ ಆಗುವುದು ಪದವಿ ಮಾತ್ರ, ನೋಂದಣಿಯಲ್ಲ.

ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, 2021ರ ನವೆಂಬರ್ 18ರಂದು ಹೊಸ ನಿಯಮ ತಂದಿತು. ಆ ಮೇಲೆ ಸೇರಿದವರಿಗೆ ಅದು ಅನ್ವಯ. ಓದು ಕನಿಷ್ಠ 54 ತಿಂಗಳು, ಒಂದೇ ಸಂಸ್ಥೆಯಲ್ಲಿ, ಇಂಗ್ಲಿಷ್ ಮಾಧ್ಯಮದಲ್ಲಿ. ಅದರ ಮೇಲೆ ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್. ಆ ದೇಶದವರಿಗೆ ಹೇಗೋ ಹಾಗೆ ನಮ್ಮ ಮಕ್ಕಳಿಗೂ ಅಲ್ಲಿ ವೈದ್ಯರಾಗಲು ಪರವಾನಗಿ ಸಿಗುವಂತಿರಬೇಕು. ಭಾರತಕ್ಕೆ ಬಂದು ಪರೀಕ್ಷೆ ಪಾಸು ಮಾಡಿ, ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಓದು, ತರಬೇತಿಯೆಲ್ಲ ಕಾಲೇಜು ಸೇರಿದ ದಿನದಿಂದ ಹತ್ತು ವರ್ಷದೊಳಗೆ ಮುಗಿಯಬೇಕು. ಫಿಲಿಪ್ಪೀನ್ಸ್‌ನ ನಾಲ್ಕು ವರ್ಷದ ಎಂ.ಡಿ. 48 ತಿಂಗಳದ್ದು, ಈ ನಿಯಮಕ್ಕೆ ಸಾಲದು. ಮೊದಲ ವರ್ಷ ಒಂದು ಕಾಲೇಜು, ಆಮೇಲೆ ಕಡಿಮೆ ಶುಲ್ಕದ ಇನ್ನೊಂದು ಎಂಬ ಆಮಿಷವೂ ನಿಯಮಕ್ಕೆ ವಿರುದ್ಧ. 2018ರಿಂದ ಹೊರದೇಶಕ್ಕೆ ಹೋಗುವವರಿಗೂ ನೀಟ್ ಅರ್ಹತೆ ಕಡ್ಡಾಯ.

ಏಜೆಂಟರ ಆ ಪೂರ್ತಿ ಸುಳ್ಳು ಈಗ ಗೊತ್ತಾಗುತ್ತದೆ. ಹೊರದೇಶದ ಯಾವ ಕಾಲೇಜಿಗೂ ಎನ್‌ಎಂಸಿ ಅನುಮೋದನೆ ಕೊಡುವುದಿಲ್ಲ, ಅಂಥ ಪಟ್ಟಿಯನ್ನೂ ಇಟ್ಟಿಲ್ಲ. ಅದು ಇಟ್ಟಿರುವುದು ನಿಯಮಗಳನ್ನು. ಕಾಲೇಜು ಆ ನಿಯಮಗಳಿಗೆ ಹೊಂದುತ್ತದೆಯೋ ಇಲ್ಲವೋ ನೋಡಿಕೊಳ್ಳುವ ಹೊಣೆ ವಿದ್ಯಾರ್ಥಿಯದು. ಏಳು ವರ್ಷದ ನಂತರ ನೋಂದಣಿ ನಿಂತುಹೋದರೆ ಮುಂಗಡ ಪಡೆದವರು ಹುಡುಕಿದರೂ ಸಿಗುವುದಿಲ್ಲ.

ಇನ್ನು ಪರೀಕ್ಷೆ. ಹೊರದೇಶದ ಪದವೀಧರರಿಗೆ 2002ರಿಂದ ಎಫ್‌ಎಂಜಿಇ ಇದೆ. ಎನ್‌ಬಿಇಎಂಎಸ್ ಸಂಸ್ಥೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಅವಧಿಗೆ ನಡೆಸುತ್ತದೆ. 300 ಪ್ರಶ್ನೆ, ಪಾಸಾಗಲು 150. ತಪ್ಪಿಗೆ ಅಂಕ ಕಡಿತವಿಲ್ಲ. ಕೇಳಲು ಸುಲಭ. 2023ರ ಜೂನ್‌ನಲ್ಲಿ ಪಾಸಾದವರು ನೂರಕ್ಕೆ ಹತ್ತು ಮಂದಿ. 2025ರ ಜೂನ್‌ನಲ್ಲಿ ನೂರಕ್ಕೆ ಹತ್ತೊಂಬತ್ತರ ಹತ್ತಿರ. ಒಂದು ಮಾತು ನ್ಯಾಯವಾಗಿ ಹೇಳಬೇಕು: ಇದು ಒಂದೊಂದು ಸಲದ ಲೆಕ್ಕ, ಇದರಲ್ಲಿ ಮತ್ತೆ ಮತ್ತೆ ಬರೆಯುವವರೂ ಸೇರಿದ್ದಾರೆ. ಮಿಕ್ಕವರೆಲ್ಲ ಎಂದೂ ಪಾಸಾಗುವುದಿಲ್ಲ ಎಂದಲ್ಲ. ಎರಡನೆಯ, ಮೂರನೆಯ ಸಲಕ್ಕೆ ಪಾಸಾಗುವವರಿದ್ದಾರೆ. ಆದರೆ ಪ್ರತಿ ಸಲ ಆರು ತಿಂಗಳು, ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೋಚಿಂಗ್, ಪಿಜಿ ಬಾಡಿಗೆ. ಅದು ಏಜೆಂಟರ ಇಪ್ಪತ್ತೈದು ಲಕ್ಷದಲ್ಲಿ ಇರುವುದಿಲ್ಲ.

ಪಾಸಾದ ಮೇಲೂ ಕಾಯುವುದಿದೆ. ಭಾರತದ ಒಂದು ಕಾಲೇಜು ಹೊರದೇಶದ ಪದವೀಧರರಿಗೆ ಕೊಡಬಹುದಾದ ಇಂಟರ್ನ್‌ಶಿಪ್ ಜಾಗ ಅದರ ಸೀಟುಗಳ ನೂರಕ್ಕೆ 7.5. ನೂರೈವತ್ತು ಸೀಟಿನ ಕಾಲೇಜಿನಲ್ಲಿ ಹನ್ನೊಂದು ಮಂದಿ.

ವರ್ಷಗಳನ್ನು ಕೂಡಿಸಿ. ಇಲ್ಲಿ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್: ಐದೂವರೆ ವರ್ಷಕ್ಕೆ ನೋಂದಣಿ. ಸರ್ಕಾರಿ ಸೀಟಿನಲ್ಲಿ ಓದಿದವರಿಗೆ 2012ರ ಕಾಯ್ದೆಯಂತೆ ಕಡ್ಡಾಯ ಸೇವೆಯ ವರ್ಷವೊಂದು ಬರಬಹುದು, ಆದರೆ ಅದಕ್ಕೆ ಸಂಬಳವಿದೆ. ಹೊರದೇಶದ ದಾರಿಯಲ್ಲಿ ಸುಮಾರು ಆರು ವರ್ಷ ಅಲ್ಲಿ, ಪರೀಕ್ಷೆಗೆ ಕನಿಷ್ಠ ಆರು ತಿಂಗಳು, ಇಲ್ಲಿಯ ಇಂಟರ್ನ್‌ಶಿಪ್ ಒಂದು ವರ್ಷ. ಎಲ್ಲ ನೆಟ್ಟಗೆ ನಡೆದರೆ ಏಳೂವರೆ, ಒಂದೆರಡು ಸಲ ಎಡವಿ, ಇಂಟರ್ನ್‌ಶಿಪ್ ಜಾಗಕ್ಕೂ ಕಾಯಬೇಕಾದರೆ ಒಂಬತ್ತು.

ಜಮೀನಿನ ಮೇಲೆ ಬರುವ ಸಾಲ

ದುಡ್ಡಿನ ಎಣಿಕೆ ಇನ್ನೂ ಕಹಿ. ವರ್ಷಕ್ಕೆ ಐದು ಲಕ್ಷದಂತೆ ಐದು ವರ್ಷ, ಒಟ್ಟು 25 ಲಕ್ಷ ಸಾಲ ಎಂದಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ ಹತ್ತರ ಸರಳ ಬಡ್ಡಿ ಹಿಡಿದರೂ ಏಳನೆಯ ವರ್ಷದ ಕೊನೆಗೆ ಬಡ್ಡಿಯೇ ಹನ್ನೆರಡೂವರೆ ಲಕ್ಷ. ಅದೇ ಹಣವನ್ನು ಊರಿನಲ್ಲಿ ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಗೆ ಕೈಸಾಲ ತಂದರೆ ಬಡ್ಡಿ 30 ಲಕ್ಷ, ಅಸಲನ್ನೂ ಮೀರುತ್ತದೆ.

ಬ್ಯಾಂಕ್ ಸಾಲವನ್ನೇ ತೆಗೆದುಕೊಳ್ಳೋಣ ಎಂದರೆ ಏಳೂವರೆ ಲಕ್ಷದ ಮೇಲಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಅಡವು ಬೇಕು. ಈ ಕಡೆಯ ಮನೆಗಳಲ್ಲಿರುವ ಆಸ್ತಿ ಕೃಷಿ ಜಮೀನು. ಸರ್ಫೇಸಿ ಕಾಯ್ದೆಯಡಿ ಕೃಷಿ ಭೂಮಿಯನ್ನು ಬ್ಯಾಂಕು ವಶಪಡಿಸಿಕೊಳ್ಳುವಂತಿಲ್ಲವಾದ್ದರಿಂದ ಅದನ್ನು ಅಡವಾಗಿ ಒಪ್ಪಲು ಬ್ಯಾಂಕುಗಳು ಹಿಂಜರಿಯುತ್ತವೆ. ಪಟ್ಟಣದಲ್ಲಿ ಸೈಟು ಇದ್ದವನಿಗೆ ಬ್ಯಾಂಕ್ ಬಾಗಿಲು ತೆರೆಯುತ್ತದೆ. ನಾಲ್ಕೆಕರೆ ಹೊಲವಿದ್ದವನು ಕೈಸಾಲಕ್ಕೋ ಜಮೀನು ಮಾರಾಟಕ್ಕೋ ಇಳಿಯುತ್ತಾನೆ. ಡಾಲರಿನ ಲೆಕ್ಕವೂ ಇದೆ. 2022ರ ಆರಂಭದಲ್ಲಿ ಡಾಲರಿಗೆ 74 ರೂಪಾಯಿಯ ಆಸುಪಾಸಿದ್ದದ್ದು 2025ರಲ್ಲಿ 85 ದಾಟಿತು. ಶುಲ್ಕ ಒಂದು ಡಾಲರೂ ಏರದಿದ್ದರೂ ಇಲ್ಲಿ ಕಟ್ಟುವ ರೂಪಾಯಿ ಏರುತ್ತಲೇ ಹೋಗುತ್ತದೆ. ಹೊಗೆಸೊಪ್ಪಿನ ದರ ಅದಕ್ಕೆ ತಕ್ಕಂತೆ ಏರುತ್ತದೆಂದು ಯಾರೂ ಭರವಸೆ ಕೊಡಲಾರರು.

ಯಾರ ಲೆಕ್ಕಕ್ಕೂ ಸಿಗದ ಅಪಾಯಗಳೂ ಉಂಟು. ಕೋವಿಡ್ ಬಂದು ಚೀನಾದಿಂದ ಮರಳಿದ ವಿದ್ಯಾರ್ಥಿಗಳಿಗೆ 2020ರಿಂದ 2022ರವರೆಗೆ ಕಾಲೇಜಿಗೆ ಹಿಂದಿರುಗಲು ಆಗಲಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಊಟದ ಸಾಮಾನಿಗಾಗಿ ಸಾಲಿನಲ್ಲಿ ನಿಂತಿದ್ದ, ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯ ವಿದ್ಯಾರ್ಥಿ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ನೂರಕ್ಕೆ 97 ಬಂದರೂ ಇಲ್ಲಿ ಕೈಗೆಟುಕುವ ಸೀಟು ಸಿಗಲಿಲ್ಲ ಎಂದು ಅವನ ತಂದೆ ಹೇಳಿದ್ದನ್ನು ನಾಡೆಲ್ಲ ಕೇಳಿತು. ಮನೆಯವರು ಅವನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. 2024ರ ಮೇ ತಿಂಗಳಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ಗುಂಪು ದಾಳಿಯಾಯಿತು. ಅದೇ ವರ್ಷದ ಜುಲೈ, ಆಗಸ್ಟ್‌ನಲ್ಲಿ ಬಾಂಗ್ಲಾದೇಶದ ಗಲಭೆಗೆ ನಮ್ಮ ವಿದ್ಯಾರ್ಥಿಗಳು ಗಡಿ ದಾಟಿ ಬಂದರು. ಇವೆಲ್ಲ ಪ್ರತಿವರ್ಷ ಆಗುವುದಿಲ್ಲ. ಆದರೆ ಆರು ವರ್ಷದ ಓದಿನ ನಡುವೆ ಒಮ್ಮೆ ಆದರೂ ಸಾಕು, 54 ತಿಂಗಳ ಲೆಕ್ಕ ತಪ್ಪುತ್ತದೆ.

ರೋಗಿಯ ಮಂಚದ ಪಕ್ಕ

ವೈದ್ಯಶಾಸ್ತ್ರ ಪುಸ್ತಕದಲ್ಲಿ ಅರ್ಧ, ವಾರ್ಡಿನಲ್ಲಿ ಅರ್ಧ. ಮೈಸೂರಿನ ಕೆ.ಆರ್. ಆಸ್ಪತ್ರೆಯ ವಾರ್ಡಿಗೆ, ಹೆರಿಗೆಗೆ ಹೆಸರಾದ ಚೆಲುವಾಂಬ ಆಸ್ಪತ್ರೆಗೆ ಬರುವವರು ನಮ್ಮ ಈ ತಾಲ್ಲೂಕುಗಳವರೇ. ಹೊಲದಲ್ಲಿ ಹಾವು ಕಚ್ಚಿದವರು, ಕ್ಷಯದವರು, ರಕ್ತಹೀನತೆಯ ಬಸುರಿಯರು, ಕೋಟೆಯ ಹಾಡಿಗಳಿಂದ ಸಿಕಲ್ ಸೆಲ್ ಕಾಯಿಲೆಗೆ ಬರುವವರು. ಹಾವು ಕಡಿತ ನಮ್ಮಲ್ಲಿ ಎಷ್ಟು ದೊಡ್ಡ ಸಮಸ್ಯೆಯೆಂದರೆ 2024ರಲ್ಲಿ ರಾಜ್ಯ ಸರ್ಕಾರ ಅದನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಇಲ್ಲಿ ಕಲಿಯುವ ವಿದ್ಯಾರ್ಥಿ "ಎದೆ ಹಿಡ್ಕಂಡಂಗಾಗ್ತದೆ" ಎಂಬ ಮಾತನ್ನು ಮೂರನೆಯ ವರ್ಷದಲ್ಲೇ ನೂರು ಸಲ ಕೇಳಿರುತ್ತಾನೆ. ಅಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆದರೂ ರೋಗಿ ಮಾತಾಡುವುದು ರಷ್ಯನ್ನಿನಲ್ಲೋ ಕಿರ್ಗಿಜ್‌ನಲ್ಲೋ. ಆ ಭಾಷೆ ಬಾರದವನಿಗೆ ವಾರ್ಡು ನೋಡುವ ಜಾಗವಾಗುತ್ತದೆ, ಕಲಿಯುವ ಜಾಗವಾಗುವುದು ಕಷ್ಟ. ಬಾಂಗ್ಲಾದೇಶ, ನೇಪಾಳದಲ್ಲಿ ಓದಿದವರ ಎಫ್‌ಎಂಜಿಇ ಫಲಿತಾಂಶ ಮಧ್ಯ ಏಷ್ಯಾದ ಕಾಲೇಜುಗಳದ್ದಕ್ಕಿಂತ ಚೆನ್ನಾಗಿರುವುದಕ್ಕೆ ಅಲ್ಲಿನ ಕಾಯಿಲೆಗಳೂ ಪಠ್ಯಕ್ರಮವೂ ನಮ್ಮವನ್ನು ಹೋಲುವುದೇ ಒಂದು ಕಾರಣವಿರಬೇಕು.

ಹತ್ತಿರದಲ್ಲೇ ಉದಾಹರಣೆಯಿದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು, ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಕೆಲಸ ಹಿಡಿದು, ಕೆಂಚನಹಳ್ಳಿಯಲ್ಲಿ, ಆಮೇಲೆ ಸರಗೂರಿನಲ್ಲಿ ಆಸ್ಪತ್ರೆ ಮಾಡಿದರು. ಕಲಿಯುವಾಗ ನೋಡಿದ ರೋಗಿಗಳ ಊರಿಗೇ ಹೋಗಿ ಕೂತವರು ಅವರು. ಎಲ್ಲರೂ ಹಾಗೆ ಮಾಡಬೇಕೆಂದು ಕೇಳುವುದು ತಪ್ಪು. ಆದರೆ ಇಲ್ಲಿ ಕಲಿತವರಿಗೆ ಇಲ್ಲಿನ ರೋಗಿಯ ಪರಿಚಯ ಮೊದಲೇ ಆಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹೊರದೇಶದ ಆಸೆ ಇದ್ದರೆ ಅದಕ್ಕೆ ಎಂಬಿಬಿಎಸ್ ಆದ ಮೇಲಿನ ದಾರಿ ಚೆನ್ನು. 2023ರಲ್ಲಿ ಎನ್‌ಎಂಸಿಗೆ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ ಮಾನ್ಯತೆ ಹತ್ತು ವರ್ಷಕ್ಕೆ ಸಿಕ್ಕಿದೆ. ನಮ್ಮ ಕಾಲೇಜಿನಲ್ಲಿ ಓದಿದವರು ಅಮೆರಿಕ, ಬ್ರಿಟನ್ನಿನ ಪರೀಕ್ಷೆ ಬರೆದು ಅಲ್ಲಿ ಸಂಬಳ ಪಡೆಯುತ್ತಲೇ ಮುಂದಿನ ತರಬೇತಿ ಮಾಡಬಹುದು.

ಹಾಗಾದರೆ ಯಾರು ಹೋಗಬಹುದು?

ನನ್ನ ಉತ್ತರ ಇದು. ಮೊದಲ ಸಲದ ರ‍್ಯಾಂಕ್ ತಮ್ಮ ವರ್ಗದ ಸರ್ಕಾರಿ ಕೋಟಾದ ಕೊನೆಯ ರ‍್ಯಾಂಕಿಗೆ ಹತ್ತಿರವಿದ್ದರೆ ಒಂದು ವರ್ಷ ಲಾಂಗ್ ಟರ್ಮ್ ಓದಿಸಿ. ನೀಟ್ ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಮಿತಿಯಿಲ್ಲ, ಮೇಲ್ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದಿದ್ದಾರೆ. "ಒಂದು ವರ್ಷ ಹಾಳು" ಎನ್ನುವವರಿಗೆ ಹೇಳಿ: ಹೊರದೇಶದ ದಾರಿಯೇ ಎರಡು ವರ್ಷ ಉದ್ದ. ಮಗನ ಸೀಟಿಗೆ ಜಮೀನು ಮಾರಲು ಹೊರಡುವ ಮನೆ, ಅವನಿಗಿಂತ ಒಳ್ಳೆಯ ರ‍್ಯಾಂಕ್ ಬಂದ ಮಗಳ ಲಾಂಗ್ ಟರ್ಮ್‌ಗೆ ಹಿಂದೆಮುಂದೆ ನೋಡುವುದುಂಟು. ಆ ತಪ್ಪು ಮಾಡಬೇಡಿ.

ಎರಡನೆಯ ಸಲವೂ ಸ್ವಲ್ಪದರಲ್ಲಿ ತಪ್ಪಿ, ಓದಿನ ಹಿಡಿತ ಚೆನ್ನಾಗಿದ್ದು, ಮನೆಯ ಜೀವನಾಧಾರ ಮುಟ್ಟದೆ 35ರಿಂದ 40 ಲಕ್ಷ ಹೊಂದಿಸಬಲ್ಲವರು ಹೊರದೇಶದ ಬಗ್ಗೆ ಯೋಚಿಸಬಹುದು. ಅಂಥವರು ಅಲ್ಲಿಂದ ಬಂದು ಒಳ್ಳೆಯ ವೈದ್ಯರಾಗಿದ್ದಾರೆ, ಆಗುತ್ತಾರೆ. ಆದರೆ ಅರ್ಹತೆಯ ಗೆರೆಯನ್ನು ಅಂಚಿನಲ್ಲಿ ದಾಟಿದ ಮಗುವನ್ನು ಜಮೀನು ಮಾರಿ ಕಳಿಸುವುದು ಬೇಡ. ಇಲ್ಲಿನ ಒಂದು ಪರೀಕ್ಷೆ ಕಷ್ಟವಾದವರಿಗೆ ಆರು ವರ್ಷದ ನಂತರ ಅದಕ್ಕಿಂತ ಕಷ್ಟದ ಇನ್ನೊಂದು ಕಾದಿರುತ್ತದೆ, ಆಗ ಹಿಂದಿರುಗಲು ಹೊಲವೂ ಇರುವುದಿಲ್ಲ.

ಅಂಥ ಮಕ್ಕಳಿಗೆ ಹತ್ತಿರದಲ್ಲೇ ಬೇರೆ ದಾರಿಗಳಿವೆ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರದ್ದು, ನೀಟ್ ರ‍್ಯಾಂಕಿನಲ್ಲೇ ಬಿಎಎಂಎಸ್ ಸೀಟು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಅಲ್ಲಿ ಪದವಿ ಮಾಡಿದವರಿಗೆ ದೇಶದಲ್ಲೂ ಹೊರಗೂ ಕೆಲಸವಿದೆ. ಹಾಸನದಲ್ಲಿ ಪಶುವೈದ್ಯ ಕಾಲೇಜಿದೆ, ಸಿಇಟಿ ರ‍್ಯಾಂಕಿನಲ್ಲಿ ರೈತರ ಮಕ್ಕಳಿಗೆ ಕೃಷಿಕ ಕೋಟಾ ಇದೆ. ಬಿಎಸ್ಸಿ ನರ್ಸಿಂಗ್, ಫಿಸಿಯೋಥೆರಪಿ ಓದಿದವರಿಲ್ಲದೆ ಯಾವ ಆಸ್ಪತ್ರೆಯೂ ನಡೆಯುವುದಿಲ್ಲ. ಇವನ್ನು "ಸೀಟು ಸಿಗದವರ ಓದು" ಎಂದು ಹೀಗಳೆಯುವುದನ್ನು ಮೊದಲು ಮನೆಯವರೇ ಬಿಡಬೇಕು.

ಸರ್ಕಾರಕ್ಕೂ ಒಂದು ಮಾತು. ಪ್ರತಿ ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಡಿಸೆಂಬರ್ ತಿಂಗಳಲ್ಲಿ ಒಂದು ದಿನ ಬಿಇಒ, ತಹಶೀಲ್ದಾರ್ ಕಚೇರಿಯವರು ಒಟ್ಟಿಗೆ ಕೂತು ಪ್ರಮಾಣಪತ್ರ ಕೊಟ್ಟು, ಕೆಇಎ ಪಟ್ಟಿಯನ್ನು ಪೋಷಕರಿಗೆ ಓದಿ ಹೇಳಿದರೆ ಅದಕ್ಕೆ ಆಗುವ ಖರ್ಚು ಏನೂ ಇಲ್ಲ.

ಕಳಿಸಲೇಬೇಕೆಂದು ತೀರ್ಮಾನಿಸಿದವರು ಏಜೆಂಟರಿಂದ ಐದು ಉತ್ತರಗಳನ್ನು ಕಾಗದದಲ್ಲಿ, ಸಹಿಯೊಂದಿಗೆ ಕೇಳಿ. ಇಂಟರ್ನ್‌ಶಿಪ್ ಬಿಟ್ಟು ಓದು ಎಷ್ಟು ತಿಂಗಳು? ಎಲ್ಲ ವರ್ಷವೂ ಅದೇ ಸಂಸ್ಥೆಯಲ್ಲಿ, ಇಂಗ್ಲಿಷಿನಲ್ಲೇ ನಡೆಯುತ್ತದೆಯೇ? 12 ತಿಂಗಳ ಇಂಟರ್ನ್‌ಶಿಪ್ ಅಲ್ಲಿಯೇ ಸಿಗುತ್ತದೆಯೇ? ಓದು ಮುಗಿದ ಮೇಲೆ ಆ ದೇಶದಲ್ಲಿ ವೈದ್ಯರಾಗಿ ಕೆಲಸ ಮಾಡಲು ಪರವಾನಗಿ ಕೊಡುತ್ತಾರೆಯೇ? ಆ ಕಾಲೇಜಿನವರು ಎಫ್‌ಎಂಜಿಇಯಲ್ಲಿ ಎಷ್ಟು ಮಂದಿ ಕೂತರು, ಎಷ್ಟು ಮಂದಿ ಪಾಸಾದರು? ಐದಕ್ಕೂ ಲಿಖಿತ ಉತ್ತರ ಬರದಿದ್ದರೆ ಒಂದು ರೂಪಾಯಿಯನ್ನೂ ಮುಂಗಡವಾಗಿ ಕೊಡಬೇಡಿ.